ಸಂಶಯ ಬಂದರೆ ಚೀಲ ಇಡಿ

ನಿವೃತ್ತ ಸರ್ಜನರು ನೆನಪು ಬರೆಯಲು ಕುಳಿತರೆ ರೋಗಿಗಳೆಲ್ಲ ಗುಣವಾಗುತ್ತಾರೆ. ನನ್ನ ತಲೆಯೊಳಗೂ ಹಾಗೆಯೇ ಆಗುತ್ತಿದೆ. ತೀರಿಕೊಂಡವರು ಹಿಂದಿನ ಸಾಲಿಗೆ ಸರಿದಿದ್ದಾರೆ. ಗುಣವಾದವರು ಮುಂದೆ ಬಂದು ಕೂತು, ಆ ದಿನ ನಾನು ಹೇಳಿರದ ಮಾತನ್ನೂ ನಾನೇ ಹೇಳಿದ್ದೆಂದು ಸಾಕ್ಷಿ ನುಡಿಯುತ್ತಿದ್ದಾರೆ. ಆದ್ದರಿಂದ ಸರ್ಜರಿಗೆ ಹೊಸದಾಗಿ ಸೇರುತ್ತಿರುವ ನೀವು ಇದನ್ನು ಓದುವಾಗ ಸ್ವಲ್ಪ ಜಾಗ್ರತೆ ಇಟ್ಟುಕೊಳ್ಳಬೇಕು. ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಇಲ್ಲದ ಕಡೆ ಹೇಳುತ್ತೇನೆ. ಹೇಳದೆ ಬಿಟ್ಟ ಕಡೆ ನೀವೇ ಅನುಮಾನಿಸಿ.

ನಾನು ಹೊಟ್ಟೆಯ ಸರ್ಜನ್. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಕರುಳಿನ ಕ್ಯಾನ್ಸರ್ ಇವೇ ನನ್ನ ಕೆಲಸ. ಮೂಡುಬಿದಿರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ವಾರದಲ್ಲಿ ಒಂದು ದಿನ ಬಂಟ್ವಾಳದಲ್ಲಿ, ಒಂದು ದಿನ ಬೆಳ್ತಂಗಡಿಯಲ್ಲಿ ಮಧ್ಯಾಹ್ನದವರೆಗೆ ರೋಗಿಗಳನ್ನು ನೋಡುತ್ತಿದ್ದೆ. ಮೂರೂ ಕಡೆ ನನ್ನ ಎದುರಿನ ಸ್ಟೂಲಿನ ಮೇಲೆ ಒಂದು ಕಾಯಿಲೆ ಬಂದು ಕೂತು ಹೋಗುತ್ತಿತ್ತು. ಅದನ್ನು ಗುರುತಿಸಲು ನಮಗೆ ಬಹಳ ಕಾಲ ಹಿಡಿಯಿತು. ಕಾರಣ ಪುಸ್ತಕಗಳಲ್ಲಿ ಇರಲಿಲ್ಲ, ನಮ್ಮ ಊರಿನ ರೀತಿಯಲ್ಲಿ ಇತ್ತು.

ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ತನ್ನದಲ್ಲದ ಜಾಗದಲ್ಲಿ ಬೇರೂರುತ್ತದೆ. ಅಂಡಾಶಯದ ಮೇಲೆ, ಮೂತ್ರಚೀಲದ ಮೇಲೆ, ಕೆಲವರಲ್ಲಿ ಕರುಳಿನ ಮೇಲೆ. ತಿಂಗಳ ಮುಟ್ಟಿನ ಜೊತೆಗೆ ಅದೂ ಊದಿಕೊಳ್ಳುತ್ತದೆ, ಒಸರುತ್ತದೆ, ಸುತ್ತಲಿನ ಅಂಗಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಗುದನಾಳ ಗರ್ಭಕೋಶದ ಬೆನ್ನಿಗೆ ಅಂಟಿಕೊಂಡರೆ ಆ ದಿನಗಳಲ್ಲಿ ಕೂರುವುದು ಕಷ್ಟ, ಕಕ್ಕಸಿಗೆ ಹೋಗುವುದು ಅದಕ್ಕಿಂತ ಕಷ್ಟ. ದಿನಗಳು ಕಳೆದರೆ ನೋವೂ ಇಳಿಯುತ್ತದೆ.

ನಮ್ಮ ಕಡೆಯ ಹೆಂಗಸರು ಆಸ್ಪತ್ರೆಗೆ ಬರುತ್ತಿದ್ದದ್ದು ದಿನಗಳು ಕಳೆದ ಮೇಲೆ. ‘ಹೊರಗಾದ’ ಹೆಂಗಸು ಅಷ್ಟು ದಿನ ದೇವರ ಕೋಣೆಗೆ, ದೈವದ ಚಾವಡಿಗೆ ಹೋಗುವುದಿಲ್ಲ. ಬಸ್ಸು ಹತ್ತಿ ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ನಮ್ಮ ಆಸ್ಪತ್ರೆಯ ಎದುರು ಬಾಗಿಲಲ್ಲಿ ದೊಡ್ಡ ದೇವರ ಪಟ ಇತ್ತು, ಬೆಳಿಗ್ಗೆ ಅದಕ್ಕೆ ದೀಪ ಹಚ್ಚಿದ ಮೇಲೆಯೇ ಒಪಿಡಿ ಶುರು. ಫೋನ್ ಮಾಡಿ ಕೇಳಿದವರಿಗೆ ನಮ್ಮ ಕೌಂಟರಿನವರೂ, “ಅದು ಮುಗಿದ ಮೇಲೆ ಬನ್ನಿ” ಎಂದೇ ಹೇಳುತ್ತಿದ್ದರು. ಪರೀಕ್ಷೆ ಮಾಡುವುದು ಸುಲಭ ಎಂದು ನಾವು ಡಾಕ್ಟರರೂ ಹಾಗೆಯೇ ಹೇಳುತ್ತಿದ್ದೆವು. ನೋವಿನ ದಿನ ಮನೆಯಲ್ಲಿ, ನೋವಿಲ್ಲದ ದಿನ ಡಾಕ್ಟರ ಎದುರು. “ಎಂತ ಆಗ್ತದೆ?” ಎಂದರೆ, “ಆಗಾಗ ಬರ್ತದೆ, ಹೋಗ್ತದೆ” ಎನ್ನುವ ಉತ್ತರ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೆ. ಗ್ಯಾಸ್ಟ್ರಿಕ್ ಮಾತ್ರೆ, ಹುಳದ ಮಾತ್ರೆ, ಮಲ ಸಡಿಲವಾಗುವ ಪುಡಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಟ್ಲದಿಂದ ಒಬ್ಬ ಹೆಂಗಸು ಬಂದಿದ್ದರು. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿತ್ತು. ಆಗ ನನ್ನ ಮೇಲಿನವರು ಒಬ್ಬ ಹಿರಿಯ ಸರ್ಜನ್, ಎಲ್ಲರೂ ‘ದೊಡ್ಡ ಡಾಕ್ಟ್ರು’ ಎನ್ನುತ್ತಿದ್ದರು. ಹೊಟ್ಟೆ ತೆರೆದಾಗ ಕರುಳಿನಲ್ಲಿ ಗಟ್ಟಿ ಗಂಟು. ದೊಡ್ಡ ಡಾಕ್ಟ್ರು ಎರಡು ಬೆರಳಿನಲ್ಲಿ ಅದನ್ನು ಹಿಡಿದು ನೋಡಿ, “ಕ್ಯಾನ್ಸರ್” ಎಂದರು, ಉದ್ದನೆಯ ಕರುಳಿನ ತುಂಡನ್ನೇ ಕತ್ತರಿಸಿ ತೆಗೆದರು, ಹೊರಗೆ ನಿಂತಿದ್ದ ಅಣ್ಣನಿಗೂ ಹಾಗೆಯೇ ಹೇಳಿದರು. ಕೆಲವು ದಿನಗಳ ಮೇಲೆ ಪ್ರಯೋಗಾಲಯದವರು ಹೇಳಿದರು: ಕ್ಯಾನ್ಸರ್ ಅಲ್ಲ, ಎಂಡೊಮೆಟ್ರಿಯೋಸಿಸ್. ಅಣ್ಣ ವಾರ್ಡಿಗೆಲ್ಲ ಲಾಡು ಹಂಚಿದ. “ಅದೃಷ್ಟವಂತೆ ನೀನು” ಎಂದು ದೊಡ್ಡ ಡಾಕ್ಟ್ರು ಆಕೆಯ ತಲೆ ಸವರಿದರು. ಆಕೆ ಲಾಡು ಮುಟ್ಟಲಿಲ್ಲ. “ಕ್ಯಾನ್ಸರ್ ಅಲ್ಲ ಅಂತಾದರೆ ಇಷ್ಟು ವರ್ಷ ಬಂದ ನೋವು ಯಾವುದರದ್ದು?” ಎಂದು ಕೇಳಿದರು. ದೊಡ್ಡ ಡಾಕ್ಟ್ರು ಮುಂದಿನ ಮಂಚಕ್ಕೆ ಹೋಗಿಯಾಗಿತ್ತು. ನಾನು ಏನು ಉತ್ತರ ಕೊಟ್ಟೆ ಎಂಬುದು ನೆನಪಿಲ್ಲ. ಕೊಟ್ಟಿದ್ದೇನೆ ಎಂದು ಒಮ್ಮೆ ಒಂದು ಭಾಷಣದಲ್ಲಿ ಹೇಳಿದ್ದೆ. ಆ ಉತ್ತರ ಬಹಳ ಚೆನ್ನಾಗಿತ್ತು, ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಸುಜಯಾ ಅವರ ವಿಷಯ. ಆಕೆ ನನ್ನ ಹತ್ತಿರ ರೋಗಿಯಾಗಿ ಬಂದವರಲ್ಲ, ರೋಗಿಯ ಜೊತೆಗೆ ಬಂದವರು. ಅವರ ಅತ್ತೆ, ಸಿದ್ಧಕಟ್ಟೆಯ ಗಿರಿಜಮ್ಮನಿಗೆ ನಾನು ಹರ್ನಿಯಾ ಆಪರೇಶನ್ ಮಾಡಿದ್ದೆ. ಮರುದಿನ ರೌಂಡ್ಸಿಗೆ ಹೋದಾಗ ಸೊಸೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಅದರ ಮರುದಿನ ಹೋದಾಗಲೂ ಹಾಗೆಯೇ. ಪಕ್ಕದಲ್ಲಿ ಖಾಲಿ ಕುರ್ಚಿ ಇತ್ತು.

“ಕೂತ್ಕೊಳ್ಳಿ ಮಾರಾಯ್ರೇ, ನನ್ನ ಎದುರು ನಿಲ್ಲಬೇಕು ಅಂತ ಎಂತ ಇಲ್ಲ,” ಎಂದೆ.

“ಬೇಡ ಡಾಕ್ಟ್ರೇ. ನಿಂತ್ರೇ ಆರಾಮ.”

ಗಿರಿಜಮ್ಮ ಮಲಗಿದಲ್ಲಿಂದಲೇ ಮಾತು ಹಾಕಿದರು. “ಅವಳದ್ದು ಹಾಗೇ. ದಿನ ಇಡೀ ಕೂತು ಊರಿನವರಿಗೆಲ್ಲ ಕಾರು ಕಲಿಸ್ತಾಳೆ. ಅತ್ತೆಯ ಹತ್ರ ಕೂತ್ಕೊಳ್ಳಲಿಕ್ಕೆ ಮಾತ್ರ ಆಗುವುದಿಲ್ಲ.”

“ಅತ್ತೆ, ಒಮ್ಮೆ ಸುಮ್ನೆ ಇರಿ ನೋಡುವ.”

“ಮೂಲವ್ಯಾಧಿ ಡಾಕ್ಟ್ರೇ ಅವಳಿಗೆ. ಹೇಳ್ಲಿಕ್ಕೆ ನಾಚಿಕೆ. ನನ್ನ ಹರ್ನಿಯಾ ಮಾತ್ರ ಇಡೀ ಊರಿಗೆ ಹೇಳಿದ್ದಾಳೆ.”

ಸುಜಯಾ ಮೂಡುಬಿದಿರೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಟೀಚರ್. ಗಂಡ ದುಬೈಯಲ್ಲಿ. ನಾನು ಕಾರಿಡಾರಿಗೆ ಬಂದಾಗ ಅವರು ಹಿಂದಿನಿಂದ ಬಂದು, ಅತ್ತೆಯನ್ನು ನಾಳೆಯೇ ಮನೆಗೆ ಕಳುಹಿಸಬಹುದೇ ಎಂದು ಕೇಳಿದರು.

“ಇನ್ನೊಂದು ದಿನ ಇರಲಿ. ಎಂತ ಅರ್ಜೆಂಟ್?”

“ಇಲ್ಲಿ ಇರ್ಲಿಕ್ಕೆ ಆಗುವ ದಿನ ಅಲ್ಲ ಡಾಕ್ಟ್ರೇ. ನಾದಿನಿ ಬರಬೇಕಿತ್ತು, ಬರಲಿಲ್ಲ.” ಆಮೇಲೆ ನೆಲ ನೋಡಿಕೊಂಡು, “ನಾನು ಹೊರಗೆ.”

“ಕೂರ್ಲಿಕ್ಕೆ ಆಗದ್ದು ಈ ದಿನಗಳಲ್ಲಿ ಮಾತ್ರವಾ?”

“ಮತ್ತೆ ಯಾವಾಗ?” ಎಂದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

“ಕಕ್ಕಸಿಗೆ ಹೋಗುವಾಗ?”

“ಚೂರಿ ಹಾಕಿದ ಹಾಗೆ.”

“ಯಾರಿಗೂ ತೋರಿಸಲಿಲ್ವಾ?”

“ತೋರಿಸಿದ್ದೇನೆ. ಹೊಟ್ಟೆಯ ಡಾಕ್ಟ್ರು ಕೇಳಿದ್ದು ಕಕ್ಕಸಿನ ವಿಷಯ. ಹೆಂಗಸರ ಡಾಕ್ಟ್ರು ಕೇಳಿದ್ದು ಮುಟ್ಟಿನ ವಿಷಯ. ಕೇಳಿದ್ದನ್ನು ಕೇಳಿದವರಿಗೆ ಹೇಳಿದ್ದೇನೆ.”

ಈ ಸಂಭಾಷಣೆಯನ್ನು ನಾನು ಸರಿಯಾಗಿ ಬರೆದಿದ್ದೇನೆಯೇ? ಕಾರಿಡಾರಿನಲ್ಲಿ ನಿಂತು ಅಷ್ಟು ಸ್ವಲ್ಪ ಹೊತ್ತಿನಲ್ಲಿ ಇಷ್ಟೆಲ್ಲ ಮಾತು ಆಗಿರಲಿಕ್ಕಿಲ್ಲ. ಆದರೆ ಕೊನೆಯ ಮಾತು ಅವರದ್ದೇ. ಅದನ್ನು ಕಟ್ಟುವ ಜಾಣತನ ನನ್ನದಲ್ಲ.

ಸ್ತ್ರೀರೋಗ ತಜ್ಞೆ ಡಾಕ್ಟರ್ ವೀಣಾ ಅವರ ಕೋಣೆ ನನ್ನ ಕೋಣೆಯ ಪಕ್ಕದಲ್ಲಿಯೇ. ನಡುವೆ ಒಂದು ಗೋಡೆ. ಆ ಗೋಡೆಯ ಈಚೆಗೆ ಕರುಳು, ಆಚೆಗೆ ಗರ್ಭಕೋಶ. ಅಂದು ಸುಜಯಾ ಅವರನ್ನು ಕರೆದುಕೊಂಡು ನಾನು ಆಚೆಗೆ ಹೋದೆ. ವೀಣಾ ಎಲ್ಲ ವಿವರಿಸಿ, ಒಪ್ಪಿಗೆ ಕೇಳಿ, ಪರೀಕ್ಷೆ ಮಾಡಿದರು. ಬೆರಳು ಒಂದು ಜಾಗಕ್ಕೆ ತಾಗಿದಾಗ ಸುಜಯಾ ಕೂಗಿದರು. ಕೂಗಿನ ಹಿಂದೆಯೇ, “ಅದೇ ಡಾಕ್ಟ್ರೇ, ಅದೇ! ಅಲ್ಲೇ ಇರುವುದು!” ಎಂದರು. ಪರದೆಯ ಈಚೆಗೆ ನಿಂತಿದ್ದ ನನಗೆ ಆ ಧ್ವನಿಯಲ್ಲಿ ನೋವಿಗಿಂತ ಹೆಚ್ಚು ಸಮಾಧಾನ ಕೇಳಿಸಿತು. ಗುದನಾಳಕ್ಕೂ ಗರ್ಭಕೋಶಕ್ಕೂ ನಡುವೆ ಅಡಿಕೆಯ ಗಾತ್ರದ ಗಂಟು.

ಅಂದಿನಿಂದ ನಾವು ಕೌಂಟರಿನವರಿಗೆ ಹೊಸದಾಗಿ ಹೇಳಿಕೊಟ್ಟೆವು: ಹೆಂಗಸರಿಗೆ ತಿಂಗಳು ತಿಂಗಳು ಹೊಟ್ಟೆನೋವು, ಕಕ್ಕಸಿನ ನೋವು ಇದ್ದರೆ ಆ ದಿನಗಳಲ್ಲಿಯೇ ಬರಲಿಕ್ಕೆ ಹೇಳಿ. ಯಾರೂ ಬರಲಿಲ್ಲ. ದೇವರ ಪಟದ ಎದುರಿನಿಂದ ಹಾದು ಬರುವುದು ಹೇಗೆ? ಪಟ ತೆಗೆಯುವ ಮಾತು ಎತ್ತಿದರೆ ಆಡಳಿತದವರು ನನ್ನನ್ನೇ ತೆಗೆಯುತ್ತಿದ್ದರು. ಕೊನೆಗೆ ವೀಣಾ ಹಿಂದುಗಡೆಯ ಕ್ಯಾಶುವಾಲ್ಟಿಯ ಬಾಗಿಲು ತೋರಿಸಿದರು. ಆ ಬಾಗಿಲಲ್ಲಿ ಪಟ ಇಲ್ಲ, ಸ್ಟ್ರೆಚರ್ ಮಾತ್ರ. “ಹಿಂದಿನ ಬಾಗಿಲಿನಿಂದ ಬನ್ನಿ” ಎಂದು ಹೇಳತೊಡಗಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಬೆಳ್ತಂಗಡಿ ಕಡೆಯ ಒಬ್ಬರು ನಮ್ಮ ಕುರ್ಚಿಯಲ್ಲಿ ಕೂರಲು ಒಪ್ಪದೆ ಮನೆಯಿಂದ ತಂದ ಟವೆಲ್ ಹಾಸಿಕೊಂಡು ಕೂತರು. ಹಳೆಯ ಕಟ್ಟಳೆ ಬದಲಾಯಿಸಿದೆವು ಎಂದು ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೆ ತಾಗದ ಹಾಗೆ ಸುತ್ತು ಹಾಕಿದೆವು. ಅದು ಸರಿಯಾದ ಕೆಲಸವೋ ಅಲ್ಲವೋ ಎಂದು ನೀವು ಚರ್ಚೆ ಮಾಡಬಹುದು. ನೋವಿನ ದಿನ ರೋಗಿ ಎದುರಿಗೆ ಇದ್ದರು, ನಮಗೆ ಅಷ್ಟು ಬೇಕಿತ್ತು.

ಸುಜಯಾ ಅವರಿಗೆ ಮೊದಲು ಹಾರ್ಮೋನಿನ ಮಾತ್ರೆ ಕೊಟ್ಟೆವು. ಇದನ್ನು ಮರೆಯಬೇಡಿ: ಗಂಟು ಕಂಡ ಕೂಡಲೇ ಚಾಕು ಹಿಡಿಯುವ ಕಾಯಿಲೆ ಇದಲ್ಲ. ಮಾತ್ರೆಯಲ್ಲಿ ಅನೇಕರ ನೋವು ಇಳಿಯುತ್ತದೆ. ಸುಜಯಾ ಅವರದ್ದೂ ಕೆಲವು ತಿಂಗಳು ಇಳಿಯಿತು. ಆಮೇಲೆ ಕರುಳಿನ ದಾರಿ ಸಪುರವಾಗುತ್ತಾ, ಕಿರಿದಾಗುತ್ತಾ ಬಂತು, ಮಲದಲ್ಲಿ ರಕ್ತ ಕಾಣಿಸಿತು, ನೋವು ತಿಂಗಳ ಬೇರೆ ದಿನಗಳಿಗೂ ಹರಡಿತು.

“ರಸ್ತೆಯಲ್ಲಿ ಯಾವ ಗುಂಡಿ ಎಲ್ಲಿ ಉಂಟು ಅಂತ ನೋಡ್ಲಿಕ್ಕೆ ನನಗೆ ಕಣ್ಣು ಬೇಡ ಡಾಕ್ಟ್ರೇ,” ಎಂದರು ಒಂದು ದಿನ. “ಮೊನ್ನೆ ಕಲಿಯುವವಳು ಗಾಡಿಯನ್ನು ಗುಂಡಿಗೆ ಹಾಕಿದಳು. ನಾನು ಕಿರುಚಿದೆ. ಅವಳು ಹೆದರಿ ಕೀ ನನ್ನ ಕೈಗೆ ಕೊಟ್ಟು ಇಳಿದೇ ಹೋದಳು. ಹೀಗಾದರೆ ಮಾಲಕರು ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಆ ಸೀಟು ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ.”

ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಗಂಟು ಗುದನಾಳದ ಗೋಡೆಯೊಳಗೆ ಆಳಕ್ಕೆ ಇಳಿದಿತ್ತು, ಯೋನಿಯ ಹಿಂಗೋಡೆಯನ್ನೂ ಹಿಡಿದಿತ್ತು. ಆಪರೇಶನ್ ಆಗಬೇಕು ಎಂಬುದರಲ್ಲಿ ನನಗೂ ವೀಣಾ ಅವರಿಗೂ ಎರಡು ಮಾತಿರಲಿಲ್ಲ. ಹೇಗೆ ಎಂಬುದರಲ್ಲಿ ಇತ್ತು.

ಇದರಲ್ಲಿ ಮೂರು ದಾರಿಗಳಿವೆ. ಗಂಟನ್ನು ಕರುಳಿನ ಮೇಲಿನಿಂದ ಕೆರೆದು ತೆಗೆಯುವುದು ಒಂದು. ಕರುಳಿನ ಗೋಡೆಯಿಂದ ಬಿಲ್ಲೆಯಷ್ಟು ಭಾಗ ಕತ್ತರಿಸಿ ಹೊಲಿಯುವುದು ಎರಡು. ಗಂಟು ಇರುವ ಕರುಳಿನ ತುಂಡನ್ನೇ ತೆಗೆದು ಎರಡು ತುದಿ ಜೋಡಿಸುವುದು ಮೂರು. ದೊಡ್ಡ ಡಾಕ್ಟ್ರ ಕಾಲದಲ್ಲಿ ನಮಗೆ ಗೊತ್ತಿದ್ದದ್ದು ಮೂರನೆಯದು ಮಾತ್ರ, ಅದೂ ಉದ್ದ ಗಾಯ ಮಾಡಿ. ನಾನು ಕ್ಯಾನ್ಸರಿನಲ್ಲಿ ಪಳಗಿದವನು, ಸುತ್ತಮುತ್ತ ಸೇರಿಸಿ ತೆಗೆಯುವ ಕೈ. ವೀಣಾ ಆ ಕೈಯನ್ನು ಹಿಡಿದು ನಿಲ್ಲಿಸಿದರು. “ಸರ್, ಇದು ಕ್ಯಾನ್ಸರ್ ಅಲ್ಲ. ಇವರು ಇನ್ನು ಬಹಳ ವರ್ಷ ಬದುಕಿ ದಿನಾ ಕಕ್ಕಸಿಗೆ ಹೋಗಬೇಕು. ಮೂತ್ರ ಸರಿಯಾಗಿ ಹೋಗಬೇಕು. ನರಗಳನ್ನು ಉಳಿಸಿ” ಎಂದರು. ಈ ವಾಕ್ಯ ನಿಮಗೆ ಪರೀಕ್ಷೆಯಲ್ಲಿ ಬರಲಿಕ್ಕಿಲ್ಲ, ಆದರೂ ಬಾಯಿಪಾಠ ಮಾಡಿ.

ಎಂಆರ್‌ಐ ನೋಡಿದ ಮೇಲೆ ಸುಜಯಾ ಅವರಿಗೆ ಮೂರನೆಯ ದಾರಿಯೇ ಎಂದಾಯಿತು, ಕ್ಯಾಮೆರಾದ ಸಣ್ಣ ರಂಧ್ರಗಳ ಮೂಲಕ. ಗರ್ಭಕೋಶ ಉಳಿಯುತ್ತದೆ. ಕಷ್ಟ ಇದ್ದದ್ದು ಜೋಡಣೆಯಲ್ಲಿ. ಕರುಳಿನ ಜೋಡಣೆ ತೀರಾ ಕೆಳಗೆ ಬರುತ್ತದೆ, ಅದರ ಎದುರಿಗೇ ಯೋನಿಯ ಹೊಲಿಗೆ. ಜೋಡಣೆ ಸೋರಿದರೆ ಹೊಟ್ಟೆಗೆ ವಿಷ ಏರಬಹುದು, ಎರಡು ಹೊಲಿಗೆಗಳ ನಡುವೆ ದಾರಿಯಾಗಿ ಮಲ ಯೋನಿಯಿಂದ ಬರಬಹುದು. ಅದನ್ನು ತಡೆಯಲು ಸಣ್ಣ ಕರುಳನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು, ಕೆಲವು ತಿಂಗಳು ಮಲವನ್ನು ಒಂದು ಚೀಲಕ್ಕೆ ತಿರುಗಿಸುವ ಕ್ರಮ ಉಂಟು. ಆಮೇಲೆ ಇನ್ನೊಂದು ಆಪರೇಶನ್ ಮಾಡಿ ಮುಚ್ಚುವುದು. ಎಲ್ಲರಿಗೂ ಚೀಲ ಬೇಕಾಗುವುದಿಲ್ಲ. ಯಾರಿಗೆ ಬೇಕು ಎಂಬುದು ಅನೇಕ ಸಲ ಹೊಟ್ಟೆಯೊಳಗೆ ಹೋದ ಮೇಲೆಯೇ ತೀರ್ಮಾನವಾಗುವುದು.

ಇದನ್ನೆಲ್ಲ ಕೇಳಿದ ಸುಜಯಾ ಅಳಲಿಲ್ಲ. “ಸೀಟ್ ಬೆಲ್ಟ್ ಹೇಗೆ ಹಾಕುವುದು?” ಎಂದು ಕೇಳಿದರು.

ಚೀಲದ ಜಾಗವನ್ನು ಆಪರೇಶನ್ನಿಗೆ ಮೊದಲೇ ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ ಗುರುತು ಮಾಡುತ್ತೇವೆ. ಸೀರೆಯ ಗಂಟು, ಚರ್ಮದ ಮಡಿಕೆ ತಪ್ಪಿಸಬೇಕು. ಕಾರಿನಲ್ಲಿ ಕೂರಿಸಿ ಗುರುತು ಮಾಡಿದವರ ವಿಷಯ ನಾನು ಕೇಳಿರಲಿಲ್ಲ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಅವರ ಸ್ಕೂಲಿನ ಕಾರು ನಿಂತಿತ್ತು. ಕಲಿಸುವವರು ಕೂರುವುದು ಎಡಗಡೆಯ ಸೀಟಿನಲ್ಲಿ. ಅಲ್ಲಿ ಬೆಲ್ಟ್ ಎಡ ಭುಜದಿಂದ ಇಳಿದು ಬಲ ಸೊಂಟದ ಹತ್ತಿರ ಸಿಕ್ಕಿಕೊಳ್ಳುತ್ತದೆ, ನಾವು ಸಾಧಾರಣವಾಗಿ ಚೀಲ ಇಡುವ ಜಾಗದ ಮೇಲೆಯೇ. ಸುಜಯಾ ಬೆಲ್ಟ್ ಹಾಕಿ ಕೂತರು. ವೀಣಾ ಕಾರಿನೊಳಗೆ ಬಗ್ಗಿ ಮಾರ್ಕರ್ ಪೆನ್ನಿನಿಂದ ಚೂಡಿದಾರದ ಮೇಲೆಯೇ ಬೆಲ್ಟಿನ ಜಾಗದಲ್ಲಿ ಒಂದು ಚುಕ್ಕೆ, ಬೆಲ್ಟಿಗಿಂತ ಮೇಲೆ ಇನ್ನೊಂದು ಚುಕ್ಕೆ ಇಟ್ಟರು; ಆಮೇಲೆ ಒಳಗೆ ಹೋಗಿ ಅವನ್ನು ಚರ್ಮಕ್ಕೆ ಇಳಿಸಿದರು. ನಾನು ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗ್ ತಿರುಗಿಸುವವನ ಹಾಗೆ ಮಾಡಬೇಕಾಯಿತು. ಸುಜಯಾ ನನ್ನ ಕಡೆ ವಾಲಿ ಸ್ಟಿಯರಿಂಗ್ ಹಿಡಿದು, ಬೆಲ್ಟ್ ಎಲ್ಲಿಗೆ ಸರಿಯುತ್ತದೆ ಎಂದು ತೋರಿಸಿದರು.

ಹೊರಗೆ ನಿಂತಿದ್ದ ಗಿರಿಜಮ್ಮನಿಗೆ ತಡೆಯಲಿಲ್ಲ. “ಎಂತ, ಗಾಡಿಯಲ್ಲೇ ಆಪರೇಶನ್ ಮುಗಿಸ್ತೀರಾ?”

“ನಿಮ್ಮ ಸೊಸೆ ಹೇಳಿದ ಹಾಗೆ ಕೇಳುವುದು ನಾವು,” ಎಂದೆ.

“ಹಾಗಾದರೆ ನನಗೂ ನಿಮಗೂ ಒಂದೇ ಗತಿ.”

ಇಲ್ಲಿ ನಾನು ಮೊದಲು ‘ಜೋರು ಮಳೆ ಬರುತ್ತಿತ್ತು’ ಎಂದು ಬರೆದಿದ್ದೆ. ಅಳಿಸಿದೆ. ಮಳೆ ಇದ್ದಿದ್ದರೆ ಗಿರಿಜಮ್ಮ ಹೊರಗೆ ನಿಂತಿರುತ್ತಿರಲಿಲ್ಲ. ನಮ್ಮ ತುಳುನಾಡಿನ ಆಷಾಢವಾದ ಆಟಿ ತಿಂಗಳಿಗೆ ಹತ್ತಿರ ಎಂಬುದು ಮಾತ್ರ ಸತ್ಯ, ಯಾಕೆಂದರೆ ಅತ್ತೆ ಸೊಸೆಗೆ ಅದರ ಮೇಲೆಯೂ ಜಗಳವಾಯಿತು. ಆಟಿಯಲ್ಲಿ ಒಳ್ಳೆಯ ಕೆಲಸ ಯಾವುದೂ ಶುರು ಮಾಡುವುದಿಲ್ಲ, ಹೊಟ್ಟೆ ಕೊಯ್ಯುವುದು ಹೇಗೆ ಎಂದು ಗಿರಿಜಮ್ಮ. ಆಟಿಯಲ್ಲಿ ಯಾರೂ ಹೊಸ ಕಾರು ತೆಗೆದುಕೊಳ್ಳುವುದಿಲ್ಲ, ಕಲಿಯಲಿಕ್ಕೂ ಸೇರುವುದಿಲ್ಲ, ರಜೆ ಸಿಗುವುದು ಆಗ ಮಾತ್ರ ಎಂದು ಸುಜಯಾ. ಆಟಿಯಲ್ಲೇ ಎಂದು ನಿಶ್ಚಯವಾಯಿತು.

ಆಪರೇಶನ್ನಿನ ಹಿಂದಿನ ದಿನ ಗಂಡ ದುಬೈಯಿಂದ ವಿಡಿಯೋ ಕಾಲ್ ಮಾಡಿದರು. ಒಳ್ಳೆಯ ಮನುಷ್ಯ, ಹೆದರಿದ್ದರು. “ಡಾಕ್ಟ್ರೇ, ಎಂತ ತೆಗೆಯಬೇಕೋ ತೆಗೆಯಿರಿ. ಗರ್ಭಕೋಶ ಬೇಕಾದರೂ ತೆಗೆಯಿರಿ. ಆ ಚೀಲ ಮಾತ್ರ ಬೇಡ. ಅವಳಿಗೆ ತಡೆಯಲಿಕ್ಕೆ ಆಗ್ಲಿಕ್ಕಿಲ್ಲ.”

ಸುಜಯಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. “ಯಾರ ಗರ್ಭಕೋಶ ಯಾರು ಕೊಡುವುದು? ಚೀಲ ನನ್ನ ಹೊಟ್ಟೆಗೆ, ನಿಮ್ಮ ಹೊಟ್ಟೆಗಲ್ಲ. ಊಟ ಮಾಡಿದ್ರಾ? ಹೋಗಿ ಊಟ ಮಾಡಿ.” ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ನೋಡಿ ಡಾಕ್ಟ್ರೇ, ನನಗೆ ಚೀಲ ಬೇಡ. ಅದು ಬೇರೆ ವಿಷಯ. ಒಳಗೆ ಹೋದ ಮೇಲೆ ನಿಮಗೆ ಸಂಶಯ ಬಂದರೆ ಇಡಿ. ಸಂಶಯ ಇಲ್ಲದಿದ್ದರೆ ಇಡಬೇಡಿ. ‘ಅವಳಿಗೆ ಬೇಜಾರಾಗ್ತದೆ’ ಅಂತ ಮಾತ್ರ ಬಿಡಬೇಡಿ.”

ಒಪ್ಪಿಗೆ ಎಂದರೆ ಏನು ಎಂದು ನನಗೆ ಅಷ್ಟು ಚಿಕ್ಕದಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಪರೇಶನ್ ದೀರ್ಘವಾಯಿತು. ಗುದನಾಳ ಗರ್ಭಕೋಶಕ್ಕೆ ಸಿಮೆಂಟ್ ಹಾಕಿದ ಹಾಗೆ ಅಂಟಿತ್ತು. ವೀಣಾ ಅಂಡಾಶಯಗಳನ್ನು ಬಿಡಿಸಿ, ಮೂತ್ರನಾಳಗಳನ್ನು ಎರಡೂ ಬದಿಯಲ್ಲಿ ಕಂಡುಕೊಂಡು, ನರಗಳನ್ನು ಪಕ್ಕಕ್ಕೆ ಇಟ್ಟು ಕೆಳಗಿಳಿದರು. ಅವರ ಕೈ ನಿಧಾನ. ಹಿಂದಿನ ಕಾಲದಲ್ಲಾದರೆ ನಾನು ಆ ನಿಧಾನಕ್ಕೆ ಸಿಡುಕುತ್ತಿದ್ದೆ. ಅಂದು ಪರದೆಯಲ್ಲಿ ಕೂದಲೆಳೆಯಂಥ ನರಗಳು ಒಂದೊಂದಾಗಿ ಉಳಿಯುವುದನ್ನು ನೋಡುತ್ತಾ ನಿಂತೆ. ಗಂಟು ಇದ್ದ ಕರುಳಿನ ತುಂಡನ್ನು ನಾನು ತೆಗೆದೆ, ಚಿಕ್ಕದಾಗಿಯೇ. ಸ್ಟೇಪ್ಲರಿನಿಂದ ತುದಿಗಳನ್ನು ಜೋಡಿಸಿದೆ. ವೀಣಾ ಯೋನಿಯ ಗೋಡೆ ಹೊಲಿದರು. ಆಮೇಲೆ ಹೊಟ್ಟೆಯ ತಳದಲ್ಲಿ ನೀರು ತುಂಬಿ, ಕೆಳಗಿನಿಂದ ಕರುಳಿಗೆ ಗಾಳಿ ಬಿಟ್ಟೆವು. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತಾರಲ್ಲ, ಅದೇ ಪರೀಕ್ಷೆ. ಗುಳ್ಳೆ ಬರಲಿಲ್ಲ.

ಚೀಲ ಇಡಬೇಕೋ ಬೇಡವೋ ಎನ್ನುವ ಹೊತ್ತು ಅದು. ನನ್ನ ನೆನಪಿನಲ್ಲಿ ಹೀಗಿದೆ: ವೀಣಾ, “ಗುಳ್ಳೆ ಇಲ್ಲ, ಕರುಳಿನ ತುದಿಗಳಿಗೆ ರಕ್ತ ಚೆನ್ನಾಗಿ ಬರ್ತಾ ಉಂಟು, ಚೀಲ ಬೇಡ ಸರ್” ಎಂದರು. ನಾನು, “ಎರಡು ಹೊಲಿಗೆ ತೀರಾ ಹತ್ತಿರ ಉಂಟು, ನನಗೆ ಸಮಾಧಾನ ಇಲ್ಲ” ಎಂದೆ.

ಈ ಬರಹವನ್ನು ಇಲ್ಲಿಯವರೆಗೆ ವೀಣಾ ಅವರಿಗೆ ಓದಲು ಕೊಟ್ಟೆ. ಫೋನ್ ಮಾಡಿದರು. “ಸರ್, ಎಲ್ಲ ಸರಿ. ಅದೊಂದು ಉಲ್ಟಾ. ಬೇಡ ಅಂದದ್ದು ನೀವು. ಹೊಲಿಗೆ ಹತ್ತಿರ ಉಂಟು ಅಂದದ್ದು ನಾನು.”

“ಸರಿಯಾಗಿ ನೆನಪುಂಟಾ?”

“ನಿಮಗೆ ಎಷ್ಟು ಉಂಟೋ ಅಷ್ಟೇ.”

ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರೂ ಎಚ್ಚರಿಕೆಯ ಪಾತ್ರವನ್ನು ತಮಗೆ ಇಟ್ಟುಕೊಂಡಿದ್ದೇವೆ. ಮೇಜಿನ ಸುತ್ತ ನಿಂತಿದ್ದ ಬೇರೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಯಾರು ಯಾವುದನ್ನು ಹೇಳಿದ್ದರೂ ಒಂದು ವಿಷಯ ಬದಲಾಗುವುದಿಲ್ಲ: ಮೇಜಿನ ಎರಡು ಬದಿಯಲ್ಲಿ ಎರಡು ಮಾತು ಇತ್ತು, ಎಂದರೆ ಸಂಶಯ ಇತ್ತು. ಸಂಶಯ ಬಂದರೆ ಏನು ಮಾಡಬೇಕು ಎಂದು ಮೇಜಿನ ಮೇಲೆ ಮಲಗಿದ್ದವರು ಮೊದಲೇ ಹೇಳಿದ್ದರು. ಚೀಲ ಇಟ್ಟೆವು, ಬೆಲ್ಟಿಗಿಂತ ಮೇಲಿನ ಚುಕ್ಕೆಯಲ್ಲಿ.

ಎಚ್ಚರ ಬಂದಾಗ ನಾನು ಪಕ್ಕದಲ್ಲಿದ್ದೆ. ಕಣ್ಣು ತೆರೆಯುವ ಮೊದಲೇ ಅವರ ಕೈ ಹೊದಿಕೆಯೊಳಗೆ ಬಲಗಡೆಗೆ ಹೋಯಿತು.

“ಉಂಟಾ?”

“ಉಂಟು.”

ಗೋಡೆಯ ಕಡೆ ಮುಖ ತಿರುಗಿಸಿದರು. ಅಂದು, ಮರುದಿನ ನನ್ನೊಡನೆ ಮಾತಾಡಲಿಲ್ಲ. ಎಲ್ಲ ಮೊದಲೇ ತಾವೇ ಹೇಳಿದ್ದವರು, ಧೈರ್ಯದವರು, ಆದ್ದರಿಂದ ಸಹಜವಾಗಿ ತೆಗೆದುಕೊಂಡರು ಎಂದು ಬರೆದರೆ ನಿಮಗೆ ಓದಲು ಹಿತವಾಗುತ್ತಿತ್ತು. ಹಾಗಾಗಲಿಲ್ಲ. ಒಪ್ಪಿಕೊಂಡದ್ದು ಎಚ್ಚರವಿದ್ದ ತಲೆ. ಕೈಗೆ ಚೀಲ ತಾಗಿದಾಗ ಆದದ್ದು ಬೇರೆ. ಮೊದಲ ಸಲ ಚೀಲ ಖಾಲಿ ಮಾಡಲು ಸಿಸ್ಟರ್ ಕಲಿಸಿಕೊಡುವಾಗ ಸುಜಯಾ ಕಣ್ಣು ಮುಚ್ಚಿಕೊಂಡರು. ಕಲಿತದ್ದು ಗಿರಿಜಮ್ಮ.

“ಬಿಡಿ ಅತ್ತೆ, ನಿಮಗೆ ಅಸಹ್ಯ ಆಗ್ತದೆ.”

“ನಿನ್ನ ಗಂಡನದ್ದು ತೊಳೆದವಳು ನಾನು. ಅವನು ಸಣ್ಣದರಲ್ಲಿ ಕಾಲು ಕುಣಿಸಿ ಎಲ್ಲ ನನ್ನ ಮೇಲೆಯೇ ಹಾಕ್ತಿದ್ದ. ನೀನು ಸುಮ್ನೆಯಾದರೂ ಮಲಗಿದ್ದೀ.”

ಸುಜಯಾ ನಕ್ಕರು, ಹೊಲಿಗೆ ಎಳೆದು ನೋವಾಗಿ ಬೈದರು. ಅಲ್ಲಿಂದ ಮಾತು ಶುರುವಾಯಿತು.

ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ, ನಾವು ಒಪ್ಪಿದ ನಂತರ, ಅವರು ಪುನಃ ಎಡಗಡೆಯ ಸೀಟಿಗೆ ಹೋದರು. ಮೊದಮೊದಲು ಸ್ವಲ್ಪ ಹೊತ್ತು, ಆಮೇಲೆ ಪೂರ್ತಿ ದಿನ. ಚೀಲದ ಕರುಳು ಹೇಳದೆ ಕೇಳದೆ ಗುಡುಗುಡು ಶಬ್ದ ಮಾಡುತ್ತದೆ. ಕಲಿಯುವ ಹುಡುಗಿಯೊಬ್ಬಳು ಗಾಬರಿಯಾಗಿ, “ಟೀಚರ್, ಗಾಡಿದಾ ಅದು?” ಎಂದು ಕೇಳಿದಳಂತೆ. “ಹೌದು, ಹಳೆ ಗಾಡಿ. ನೀನು ರಸ್ತೆ ನೋಡು” ಎಂದರಂತೆ. ಗುಂಡಿಗೆ ಬಿದ್ದಾಗ ಕಿರುಚುವುದು ನಿಂತಿತ್ತು. ಬೈಯುವುದು ನಿಂತಿರಲಿಲ್ಲ.

ಕೆಲವು ತಿಂಗಳ ಮೇಲೆ ಚೀಲ ತೆಗೆದು ಮುಚ್ಚುವ ಹೊತ್ತು ಬಂತು. ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಕೆಳಗಿನಿಂದ ಬಿಟ್ಟು ಚಿತ್ರ ತೆಗೆದು ನೋಡಿದೆವು. ಜೋಡಣೆ ಪೂರ್ತಿ ಕೂಡಿತ್ತು, ಎಲ್ಲಿಯೂ ಸೋರಿರಲಿಲ್ಲ. ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದೆ. ಸುಜಯಾ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಗಿರಿಜಮ್ಮ ಪಕ್ಕದಲ್ಲಿದ್ದರು.

“ಹಾಗಾದರೆ ಚೀಲ ಬೇಕಿತ್ತಾ ಡಾಕ್ಟ್ರೇ? ಇಡದಿದ್ದರೂ ಇದು ಹೀಗೇ ಕೂಡ್ತಿತ್ತಾ?” ಎಂದು ಸುಜಯಾ ಕೇಳಿದರು.

ಈ ಪ್ರಶ್ನೆಗೆ ಸರ್ಜನರ ಹತ್ತಿರ ಸಿದ್ಧ ಉತ್ತರ ಒಂದು ಇದೆ: ಚೀಲ ಇಟ್ಟದ್ದರಿಂದಲೇ ಗುಣವಾಯಿತು. ಅದನ್ನು ಸುಳ್ಳೆಂದು ಯಾರೂ ತೋರಿಸಲಾರರು. ಸತ್ಯವೆಂದೂ ತೋರಿಸಲಾರರು. ಅದೇ ಹೊಟ್ಟೆಯನ್ನು ಚೀಲವಿಲ್ಲದೆ ಇನ್ನೊಮ್ಮೆ ಬದುಕಿಸಿ ನೋಡಲು ಬರುವುದಿಲ್ಲ. ಬಾಯಿಯವರೆಗೆ ಬಂದ ಆ ಉತ್ತರವನ್ನು ನುಂಗಿಕೊಂಡೆ.

“ಗೊತ್ತಿಲ್ಲ,” ಎಂದೆ.

“ಗೊತ್ತಿಲ್ಲವಾ?” ಗಿರಿಜಮ್ಮ ಕುರ್ಚಿಯಿಂದ ಅರ್ಧ ಎದ್ದರು. “ಇಷ್ಟು ತಿಂಗಳು ಚೀಲ ಕಟ್ಟಿಸಿ ಈಗ ಗೊತ್ತಿಲ್ಲ ಅಂತ ಹೇಳುವುದಾ?”

“ಹೌದು. ಸಂಶಯ ಇತ್ತು, ಇಟ್ಟೆವು. ಇಡದಿದ್ದರೆ ಎಂತ ಆಗ್ತಿತ್ತು ಅಂತ ನನಗೂ ಗೊತ್ತಿಲ್ಲ, ವೀಣಾ ಡಾಕ್ಟ್ರಿಗೂ ಗೊತ್ತಿಲ್ಲ.”

ಸುಜಯಾ ಎಕ್ಸ್‌ರೇಯನ್ನು ನನ್ನ ಕೈಗೆ ವಾಪಸು ಕೊಟ್ಟರು.

“ನೀವು ‘ಬೇಕೇ ಬೇಕಿತ್ತು’ ಅಂತ ಹೇಳ್ತೀರಿ ಅಂತ ಗ್ರಹಿಸಿದ್ದೆ,” ಎಂದರು. “ಹಾಗೆ ಹೇಳಿದ್ದರೆ ಮುಚ್ಚಲಿಕ್ಕೆ ಮಂಗಳೂರಿಗೆ ಹೋಗುವ ಅಂತ ಇದ್ದೆ.”

ಸುಜಯಾ ಕುರ್ಚಿ ಎಳೆದು ನನ್ನ ಎದುರು ಕೂತರು.

“ಖಾಲಿ ಹೊಟ್ಟೆಯಲ್ಲಿ ಎಷ್ಟು ಗಂಟೆಗೆ ಬರಬೇಕು?” ಎಂದು ಕೇಳಿದರು.